ಹಿರಿಯರ ವಸತಿ ಸಮುಚ್ಚಯ: ಕೊನೆಗೆ ಉಳಿಯುವವರ ಬಿಲ್ಲು ಎಷ್ಟು?

ಕನಕಪುರ ರಸ್ತೆಯಲ್ಲೋ ದೇವನಹಳ್ಳಿಯ ಕಡೆಯೋ ಹಿರಿಯ ನಾಗರಿಕರಿಗೆಂದೇ ಕಟ್ಟಿದ ವಸತಿ ಸಮುಚ್ಚಯವನ್ನು ನೋಡಲು ಹೋದ ಕುಟುಂಬ ಮೊದಲು ಕೇಳುವುದು ‘ಚದರ ಅಡಿಗೆ ಎಷ್ಟು?’ ಎಂದು. ಸೈಟು, ಅಪಾರ್ಟ್‌ಮೆಂಟುಗಳ ಮಾತಿನಲ್ಲೇ ಬೆಳಗಾಗುವ ಬೆಂಗಳೂರಿಗೆ ಇದು ಸಹಜವಾದ ಪ್ರಶ್ನೆ. ಮಾರುವವರಿಗೂ ಈ ಪ್ರಶ್ನೆಯೇ ಇಷ್ಟ. ಉತ್ತರ ಬಾಯಲ್ಲೇ ಇರುತ್ತದೆ, ಚೌಕಾಸಿಗೆ ಒಂದಿಷ್ಟು ಜಾಗವನ್ನೂ ಬಿಟ್ಟುಕೊಂಡಿರುತ್ತಾರೆ. ಆದರೆ ಮನೆಯ ಬೆಲೆ ಒಮ್ಮೆ ಕೊಟ್ಟು ಕೈ ತೊಳೆದುಕೊಳ್ಳುವ ಖರ್ಚು. ತಿಂಗಳ ಶುಲ್ಕ ವರ್ಷ ವರ್ಷವೂ ಏರುತ್ತದೆ. ಅದನ್ನು ಕಟ್ಟುವವರ ಆದಾಯ ಮಾತ್ರ ಒಂದು ದಿನ ದಿಢೀರನೆ ಇಳಿಯುತ್ತದೆ. ಹಾಗೆ ಇಳಿದ ಮೇಲೂ ದಂಪತಿಯಲ್ಲಿ ಒಬ್ಬರು ಅಲ್ಲಿ ಎಷ್ಟೋ ವರ್ಷ ಬದುಕಬೇಕಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ಆ ಒಬ್ಬರು ಹೆಂಡತಿ. ಮನೆ ನೋಡಲು ಹೋದ ದಿನ ಆಕೆಯ ಎಂಬತ್ತರ ವಯಸ್ಸಿನ ಲೆಕ್ಕವನ್ನು ಯಾರೂ ಹಾಕುವುದಿಲ್ಲ.

ಈ ವಹಿವಾಟು ಭಾರತದಲ್ಲಿ ಹೊಸದೂ ಅಲ್ಲ, ತೀರಾ ಹಳೆಯದೂ ಅಲ್ಲ. ಪುಣೆಯ ಅಥಶ್ರೀ, ರಾಜಸ್ಥಾನದ ಭಿವಾಡಿಯ ಉತ್ಸವ್, ಡೆಹ್ರಾಡೂನ್‌ನ ಅಂತರಾ ಮುಂತಾದವು ದಾರಿ ಹಾಕಿಕೊಟ್ಟವು. ದಕ್ಷಿಣದಲ್ಲಿ ಇದರ ರಾಜಧಾನಿ ಕೊಯಮತ್ತೂರು. ಹಿತವಾದ ಹವೆ, ಒಳ್ಳೆಯ ಆಸ್ಪತ್ರೆಗಳು, ಬೆಂಗಳೂರು–ಚೆನ್ನೈಗಿಂತ ಅಗ್ಗದ ಜಮೀನು ಅಲ್ಲಿ ಒಟ್ಟಿಗೆ ಸಿಕ್ಕಿದವು. ಕರ್ನಾಟಕದಲ್ಲಿ ಬೆಂಗಳೂರಿನ ಹೊರವಲಯ ಮತ್ತು ಮೈಸೂರು ಅದೇ ದಾರಿಯಲ್ಲಿವೆ. ಬೇಡಿಕೆಗೇನೂ ಬರವಿಲ್ಲ. 2023ರ ‘ಇಂಡಿಯಾ ಏಜಿಂಗ್’ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 60 ದಾಟಿದವರು 14.9 ಕೋಟಿ, ಅಂದರೆ ಜನಸಂಖ್ಯೆಯ ಶೇ 10.5. 2050ರ ಹೊತ್ತಿಗೆ ಅದು 34.7 ಕೋಟಿಯಾಗುವ ಅಂದಾಜಿದೆ. ಮಕ್ಕಳು ಸನ್ನಿವೇಲ್‌ನಲ್ಲೋ ಸಿಡ್ನಿಯಲ್ಲೋ ಇರುವ, ಬಸವನಗುಡಿಯ ಮನೆಯ ಮಹಡಿ ಮೆಟ್ಟಿಲು ಹತ್ತಲಾಗದ ದಂಪತಿಗಳು ಈಗ ಬೀದಿಗೊಬ್ಬರು.

ಮೊದಲು ಪ್ರವೇಶದ ಖರ್ಚು

ಮಾದರಿಗಳು ಮುಖ್ಯವಾಗಿ ಮೂರು. ಮನೆಯನ್ನು ಕ್ರಯಕ್ಕೆ ಕೊಳ್ಳುವುದು, ದೊಡ್ಡ ಠೇವಣಿ ಇಟ್ಟು ಬದುಕಿರುವಷ್ಟು ಕಾಲ ವಾಸಿಸುವುದು, ತಿಂಗಳ ಬಾಡಿಗೆಗೆ ಇರುವುದು.

ಕ್ರಯದ ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಮನೆಯ ಬೆಲೆ 80 ಲಕ್ಷ ಎಂದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿಸಲಾಗಿದೆ. ಒಟ್ಟು ಶೇ 7.6, ಅಂದರೆ ಆರು ಲಕ್ಷದ ಎಂಟು ಸಾವಿರ. ಕಟ್ಟಡ ಇನ್ನೂ ನಿರ್ಮಾಣದಲ್ಲಿದ್ದರೆ ಶೇ 5 ಜಿಎಸ್‌ಟಿ, ಇನ್ನೊಂದು ನಾಲ್ಕು ಲಕ್ಷ. ಕಟ್ಟಡ ವಾಸಕ್ಕೆ ಸಿದ್ಧವೆಂದು ಕೊಡುವ ಸ್ವಾಧೀನಾನುಭವ ಪತ್ರ (ಒ.ಸಿ.) ಸಿಕ್ಕಿದ ಮೇಲೆ ಕೊಂಡರೆ ಈ ತೆರಿಗೆಯಿಲ್ಲ. 68ರ ವಯಸ್ಸಿನಲ್ಲಿ ಮೂರು ವರ್ಷ ಕಟ್ಟಡ ಏಳುವುದನ್ನು ನೋಡುತ್ತಾ ಕೂರುವುದಕ್ಕಿಂತ ಮುಗಿದ ಮನೆಯನ್ನು ಕೊಳ್ಳಬೇಕೆನ್ನಲು ಇದೂ ಒಂದು ಕಾರಣ. ಇದಲ್ಲದೆ ಮೂಲನಿಧಿ (ಮುಂದಿನ ದೊಡ್ಡ ರಿಪೇರಿಗಳಿಗೆಂದು ಮೊದಲೇ ಕಟ್ಟಿಸಿಕೊಳ್ಳುವ ಹಣ), ಒಂದೆರಡು ವರ್ಷದ ಮುಂಗಡ ನಿರ್ವಹಣಾ ಶುಲ್ಕ, ಪರದೆ, ಕಪಾಟು. ಜಾಹೀರಾತಿನ 80 ಲಕ್ಷ ಕೈಗೆ ಕೀಲಿ ಬರುವಷ್ಟರಲ್ಲಿ 90 ದಾಟಿರುತ್ತದೆ.

ಈ ಹಣ ಎಲ್ಲಿಂದ ಬರುತ್ತದೆ ಎಂಬುದು ಇನ್ನೂ ಮುಖ್ಯ. ಹಳೆಯ ಮನೆಯನ್ನು ಮಾರಿ ಬಂದರೆ ಒಂದು ಆಸ್ತಿ ಇನ್ನೊಂದಾಯಿತು, ಅಷ್ಟೇ. ನಮ್ಮಲ್ಲಿ ಹಾಗೆ ಮಾರುವವರು ಕಡಿಮೆ. ‘ಅದು ಮಕ್ಕಳಿಗಿರಲಿ’ ಎಂದು 30x40ರ ಆ ಮನೆಯನ್ನು ಹಾಗೇ ಉಳಿಸಿಕೊಂಡು, ನಿವೃತ್ತಿಯಲ್ಲಿ ಬಂದ ಗ್ರಾಚ್ಯುಟಿ, ಭವಿಷ್ಯನಿಧಿಯ ಹಣವನ್ನೆಲ್ಲ ಹೊಸ ಮನೆಗೆ ಸುರಿಯುತ್ತಾರೆ. 90 ಲಕ್ಷವನ್ನು ಶೇ 7ರ ಬಡ್ಡಿಗೆ ಇಟ್ಟಿದ್ದರೆ ತೆರಿಗೆಗೆ ಮೊದಲು ತಿಂಗಳಿಗೆ 52,500 ರೂಪಾಯಿ ಬರುತ್ತಿತ್ತು. ಯಾವ ಬಿಲ್ಲಿನಲ್ಲೂ ಅಚ್ಚಾಗದ ಬಾಡಿಗೆ ಇದು. ಹಳೆಯ ಮನೆಯ ಬಾಡಿಗೆ ಇದನ್ನು ತುಂಬಿಕೊಡುತ್ತದೆ ಎನ್ನುವವರು ಬೆಂಗಳೂರಿನಲ್ಲಿ ಮನೆಯ ಬೆಲೆಗೂ ಬಾಡಿಗೆಗೂ ಇರುವ ಅಂತರವನ್ನು ಗಮನಿಸಿರುವುದಿಲ್ಲ. ಎರಡು ಮನೆಗಳ ಒಡೆಯರಾಗಿ ಬ್ಯಾಂಕಿನ ಪಾಸ್‌ಪುಸ್ತಕದಲ್ಲಿ ಬಡವರಾಗುವುದು ಹೀಗೆ. ಮನೆಯನ್ನು ಮಾರದೆಯೇ ಅದರ ಬೆಲೆಯಿಂದ ತಿಂಗಳ ಹಣ ಪಡೆಯಲೆಂದು 2007ರಲ್ಲಿ ಬಂದ ‘ರಿವರ್ಸ್ ಮಾರ್ಟ್‌ಗೇಜ್’ ಯೋಜನೆ ಇಂಥವರಿಗಾಗಿಯೇ ಇತ್ತು. ಅದನ್ನು ಕೇಳಿಕೊಂಡು ಬ್ಯಾಂಕಿಗೆ ಹೋದವರು ಮಾತ್ರ ತೀರಾ ವಿರಳ. ಮನೆಯನ್ನು ಬ್ಯಾಂಕಿಗೆ ಬರೆದುಕೊಡುವ ಮಾತೆತ್ತಿದರೆ ಮಕ್ಕಳ ಮುಖ ಹೇಗಾಗುತ್ತದೆಂದು ಅಪ್ಪ ಅಮ್ಮಂದಿರಿಗೆ ಗೊತ್ತು.

ಠೇವಣಿ ಮಾದರಿ ನಮಗೆ ಅಪರಿಚಿತವಲ್ಲ. ಬೆಂಗಳೂರಿನಲ್ಲಿ ಮನೆಯನ್ನು ಭೋಗ್ಯಕ್ಕೆ ಹಾಕಿಕೊಳ್ಳುವುದನ್ನು ಎಲ್ಲರೂ ಕಂಡಿದ್ದಾರೆ. ಒಂದು ಮೊತ್ತ ಕೊಟ್ಟು, ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣ ವಾಪಸ್ ಪಡೆಯುವುದು. ಹಿರಿಯರ ಸಮುಚ್ಚಯದಲ್ಲಿ ಎರಡು ವ್ಯತ್ಯಾಸಗಳಿರುತ್ತವೆ. ಠೇವಣಿಯಿಂದ ವರ್ಷಕ್ಕಿಷ್ಟು ಎಂದು ಕಡಿತವಾಗುತ್ತಾ ಹೋಗಬಹುದು. ಉಳಿದದ್ದು ವಾಪಸ್ ಬರುವುದು ಆ ಮನೆಗೆ ಮುಂದಿನವರು ಬಂದ ಮೇಲೆಯೇ ಎಂಬ ಷರತ್ತೂ ಇರಬಹುದು. ಭೋಗ್ಯದ ಮನೆಯ ಮಾಲೀಕ ಸಾಲ ಕಟ್ಟದೆ ಬ್ಯಾಂಕಿನವರು ಬಂದು ಬೀಗ ಹಾಕಿದಾಗ ಬೀದಿಗೆ ಬಿದ್ದವರ ಕಥೆಗಳು ನಗರದಲ್ಲಿ ಬೇಕಾದಷ್ಟಿವೆ. ಇಲ್ಲಿಯ ಅಪಾಯವೂ ಅದೇ ಜಾತಿಯದು. ಠೇವಣಿಗೆ ಪ್ರತ್ಯೇಕ ಖಾತೆಯೋ ಬ್ಯಾಂಕ್ ಖಾತರಿಯೋ ಇಲ್ಲದಿದ್ದರೆ ಸಂಸ್ಥೆ ಮುಳುಗಿದ ದಿನ ನೀವು ಅದರಿಂದ ಹಣ ಬರಬೇಕಾದವರ ಸಾಲಿನ ಕೊನೆಯಲ್ಲಿರುತ್ತೀರಿ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆ ಪತ್ರವನ್ನು ಕಾನೂನಿನಂತೆ ನೋಂದಾಯಿಸಲೇಬೇಕು. ಛಾಪಾ ಕಾಗದದ ಮೇಲೆ ಸಹಿ ಹಾಕಿ ಕೈ ಕುಲುಕಿದರೆ ಸಾಲದು.

ಇನ್ನೊಂದು ಸೂಕ್ಷ್ಮವಿದೆ, ಇದನ್ನು ಮಾರಾಟ ವಿಭಾಗದವರು ಹೇಳುವುದೇ ಇಲ್ಲ. ಹಳೆಯ ಮನೆ ಮಾರಿ, ನಿಗದಿತ ಕಾಲದೊಳಗೆ ಇನ್ನೊಂದು ವಾಸದ ಮನೆ ಕೊಂಡರೆ ಬಂಡವಾಳ ಲಾಭದ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆ. ವಾಪಸ್ ಬರುವ ಠೇವಣಿ ಇಟ್ಟು ವಾಸಕ್ಕೆ ಹೋಗುವುದು ಸಾಮಾನ್ಯವಾಗಿ ಮನೆ ಕೊಂಡಂತಾಗುವುದಿಲ್ಲ. ಎಪ್ಪತ್ತರ ದಶಕದಲ್ಲಿ ಅಪ್ಪ ಕಟ್ಟಿಸಿದ ಜಯನಗರದ ಮನೆಯನ್ನು ಕೋಟಿಗಟ್ಟಲೆಗೆ ಮಾರಿ ಠೇವಣಿ ಮಾದರಿಗೆ ಹೋದವರಿಗೆ ತೆರಿಗೆಯ ನೋಟಿಸು ಬಂದಾಗ ಹೌಹಾರಬೇಕಾಗುತ್ತದೆ. ಕ್ರಯಪತ್ರಕ್ಕೆ ಸಹಿ ಹಾಕುವ ಮೊದಲು ಲೆಕ್ಕಪರಿಶೋಧಕರನ್ನು ಒಮ್ಮೆ ಕಾಣುವುದು ಲೇಸು.

ತಿಂಗಳ ಬಿಲ್ಲು ಹೇಗೆ ಹುಟ್ಟುತ್ತದೆ

ಪಕ್ಕದ ಸಾಮಾನ್ಯ ಅಪಾರ್ಟ್‌ಮೆಂಟಿನಲ್ಲಿ ನಿರ್ವಹಣೆಗೆ ನಾಲ್ಕೈದು ಸಾವಿರ ಆಗುವಾಗ ಇಲ್ಲಿ ಅದರ ಮೂರು ಪಟ್ಟು ಯಾಕೆ ಎಂದು ಜನ ಕೇಳುತ್ತಾರೆ. ಸುಲಿಗೆ ಎಂದು ಬೈಯುವ ಮೊದಲು ಒಬ್ಬ ನರ್ಸಿನ ಲೆಕ್ಕ ಹಾಕಿ ನೋಡಬೇಕು. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೂ ಒಂದು ಕುರ್ಚಿಯನ್ನು ಹಗಲೂ ರಾತ್ರಿ ತುಂಬಲು ಮೂರೂವರೆ ಜನ ಬೇಕು. ರಜೆ, ಹಬ್ಬ, ಕಾಯಿಲೆ ಸೇರಿದರೆ ನಾಲ್ಕರಿಂದ ಐದು. ಒಬ್ಬರಿಗೆ 25,000 ಎಂದರೂ ತಿಂಗಳಿಗೆ ಒಂದೂಕಾಲು ಲಕ್ಷ. ಐವತ್ತು ಮನೆಗಳ ಸಮುಚ್ಚಯದಲ್ಲಿ ಅದು ಮನೆಗೆ 2,500 ರೂಪಾಯಿ. ಇನ್ನೂರೈವತ್ತು ಮನೆಗಳಿದ್ದರೆ 500. ಆಂಬುಲೆನ್ಸ್ ಚಾಲಕ, ಎಲೆಕ್ಟ್ರಿಷಿಯನ್, ಬಚ್ಚಲಲ್ಲಿ ತೂಗುವ ಕೆಂಪು ದಾರವನ್ನು ಎಳೆದಾಗ ಓಡಿ ಬರಬೇಕಾದ ಹುಡುಗ, ಎಲ್ಲರಿಗೂ ಇದೇ ಗುಣಾಕಾರ. ‘ಚಿಕ್ಕದು, ಚೊಕ್ಕದು, ಮನೆಯಂತಿದೆ’ ಎಂದು ಮೆಚ್ಚಿಕೊಂಡು ಕೊಳ್ಳುವ ನಲವತ್ತು ಮನೆಗಳ ಜಾಗ ಕೆಲವೇ ವರ್ಷಗಳಲ್ಲಿ ತಿಣುಕುವುದು ಈ ಕಾರಣಕ್ಕೆ.

ಇನ್ನೊಂದು ತೊಡಕು ಬೀಗ ಹಾಕಿದ ಮನೆಗಳದು. ಐವತ್ತೈದಕ್ಕೇ ‘ಮುಂದೆ ಬೇಕಾಗುತ್ತದೆ’ ಎಂದು ಕೊಂಡಿಟ್ಟವರು, ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಬಂದು ಹೋಗುವ ಅನಿವಾಸಿಗಳು, ಹೂಡಿಕೆಗೆಂದು ಕೊಂಡವರು. ಮನೆಗಳೆಲ್ಲ ಮಾರಾಟವಾಗಿದ್ದರೂ ಊಟಕ್ಕೆ ಕೂರುವವರು ಅರ್ಧದಷ್ಟೂ ಇರುವುದಿಲ್ಲ. ಮೂವತ್ತು ಜನರಿಗೆ ಅಡುಗೆ ಮಾಡುವ ಭಟ್ಟರ ಸಂಬಳವೂ ಎಂಬತ್ತು ಜನರಿಗೆ ಮಾಡುವವರ ಸಂಬಳವೂ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಮೆಸ್‌ಗೆ ಕನಿಷ್ಠ ಶುಲ್ಕ ಎಂಬುದು ಬರುತ್ತದೆ. ನೀವು ನಿಮ್ಮ ಅಡುಗೆಮನೆಯಲ್ಲೇ ಬೇಳೆ ಬೇಯಿಸಿಕೊಂಡರೂ ತಿಂಗಳಿಗಿಷ್ಟು ಊಟದ ದುಡ್ಡು ಕಟ್ಟಲೇಬೇಕು. ರಾತ್ರಿ ಏಳೂವರೆಗೆ ಬರುವ ಚಪಾತಿ, ಉಪ್ಪು–ಖಾರ ಎರಡೂ ಹಿಂದೆ ಸರಿದ ಪಲ್ಯ, ಮಜ್ಜಿಗೆ. ಮೂರನೆಯ ತಿಂಗಳಿಗೆ ಒಗ್ಗರಣೆಯ ಆಸೆ ಹುಟ್ಟಿ ಸ್ವಂತ ಒಲೆ ಹಚ್ಚುವವರೇ ಹೆಚ್ಚು. ಆಗ ಊಟಕ್ಕೆ ಎರಡು ಖರ್ಚು.

ತೆರಿಗೆಯ ಕಥೆ ಬೇರೆ. ನಿವಾಸಿಗಳ ಸಂಘವೇ ನಿರ್ವಹಣೆ ಮಾಡಿದರೆ ತಿಂಗಳಿಗೆ ಸದಸ್ಯರೊಬ್ಬರಿಗೆ 7,500 ರೂಪಾಯಿಯವರೆಗೆ ಜಿಎಸ್‌ಟಿ ವಿನಾಯಿತಿ ಇದೆ. ಅದೇ ಸೇವೆಯನ್ನು ಲಾಭಕ್ಕಾಗಿ ನಡೆಯುವ ಕಂಪನಿ ಕೊಟ್ಟರೆ ಮೊದಲ ರೂಪಾಯಿಯಿಂದಲೇ ಶೇ 18. ನೋಂದಾಯಿತ ದತ್ತಿ ಸಂಸ್ಥೆಗಳು ನಡೆಸುವ ವೃದ್ಧಾಶ್ರಮಗಳಲ್ಲಿ ಊಟ, ವಸತಿ ಸೇರಿ ತಿಂಗಳಿಗೆ 25,000 ರೂಪಾಯಿವರೆಗಿನ ಶುಲ್ಕಕ್ಕೆ 2018ರಿಂದ ತೆರಿಗೆ ಇಲ್ಲ. ಎಂಬತ್ತರ ಅಜ್ಜಿಯೊಬ್ಬರ ಕೋಣೆ ಗುಡಿಸಿ, ರಕ್ತದೊತ್ತಡ ನೋಡುವ ಕೆಲಸ ಟ್ರಸ್ಟಿನದಾದರೆ ಒಂದು ದರ, ಕಂಪನಿಯದಾದರೆ ಇನ್ನೊಂದು. ಕಂಪನಿಗಳು ಲಾಭ ಮಾಡುತ್ತವೆ, ತೆರಿಗೆ ಕಟ್ಟಲಿ ಎನ್ನಬಹುದು. ಕಟ್ಟುವುದು ಕಂಪನಿ ಅಲ್ಲ, ಅಜ್ಜಿ.

ಹದಿನೈದು ವರ್ಷದ ನಂತರ

ಈಗ ಕೊನೆಗೆ ಒಬ್ಬರೇ ಉಳಿಯುವ ಹೆಂಡತಿಯ ಲೆಕ್ಕಕ್ಕೆ ಬರೋಣ. ಇದೂ ಉದಾಹರಣೆಯೇ, ಆದರೆ ಸಂಖ್ಯೆಗಳನ್ನು ಬಿಗಿಹಿಡಿದೇ ಇಟ್ಟಿದ್ದೇನೆ. ರಾಜ್ಯ ಸರ್ಕಾರದ ನಿವೃತ್ತ ಅಧಿಕಾರಿ, 67 ವರ್ಷ. ಹೆಂಡತಿಗೆ 62. ಪಿಂಚಣಿ ತಿಂಗಳಿಗೆ 60,000. ಸ್ವಂತ ಹಣದಿಂದ ಮನೆ ಕೊಂಡಾಗಿದೆ. ಸೇವಾ ಶುಲ್ಕ 14,000, ಜಿಎಸ್‌ಟಿ ಸೇರಿ 16,520. ಇಬ್ಬರ ಊಟ 16,000, ಅದಕ್ಕೆ ಶೇ 5 ತೆರಿಗೆ ಸೇರಿ 16,800. ವಿದ್ಯುತ್ತು, ಫೋನು, ಇಂಟರ್‌ನೆಟ್ಟಿಗೆ 3,000. ಒಟ್ಟು 36,320. ಔಷಧಿ, ಬಟ್ಟೆ, ಓಡಾಟ, ಮದುವೆ–ಮುಂಜಿಯ ಮುಯ್ಯಿ ಎಲ್ಲ ಸೇರಿ ಇನ್ನೊಂದು 10,000 ಎಂದರೂ ತಿಂಗಳಿಗೆ 13,000ಕ್ಕೂ ಹೆಚ್ಚು ಉಳಿಯುತ್ತದೆ. ಮಕ್ಕಳ ಮುಂದೆ ಕೈಚಾಚಬೇಕಿಲ್ಲ. ಮಾರಾಟ ಕಚೇರಿಯಲ್ಲಿ ತೋರಿಸುವ ಚಿತ್ರ ಇದೇ, ಮತ್ತು ಅದು ಸುಳ್ಳಲ್ಲ.

ಹದಿನೈದು ವರ್ಷ ದಾಟಿಸಿ. ಆತ 82ಕ್ಕೆ ತೀರಿಕೊಂಡಿದ್ದಾರೆ. ಆಕೆಗೆ 77. ಶುಲ್ಕಗಳು ವರ್ಷಕ್ಕೆ ಶೇ 7ರಂತೆ ಏರಿದ್ದರೆ ಎಲ್ಲವೂ ಎರಡೂಮುಕ್ಕಾಲು ಪಟ್ಟು. ಸೇವಾ ಶುಲ್ಕ ಸುಮಾರು 45,600. ಇದು ಅರ್ಧವಾಗುವುದಿಲ್ಲ, ಯಾಕೆಂದರೆ ಅದನ್ನು ಹಾಕುವುದು ಮನೆಯ ಅಳತೆಗೆ, ತಲೆಗೆ ಅಲ್ಲ. ಗಂಡ ಹೋದರೆಂದು ಮನೆ ಚಿಕ್ಕದಾಗುವುದಿಲ್ಲವಲ್ಲ. ಊಟ ಒಬ್ಬರಿಗೆ 23,200. ವಿದ್ಯುತ್ತು, ಫೋನು ಒಬ್ಬರ ಬಳಕೆಗೆ ಇಳಿದು 6,000. ಒಟ್ಟು 74,800.

ಆದಾಯ? ತುಟ್ಟಿಭತ್ಯೆ, ವೇತನ ಆಯೋಗಗಳ ಪರಿಷ್ಕರಣೆ ಎಲ್ಲ ಸೇರಿ ಪಿಂಚಣಿ ವರ್ಷಕ್ಕೆ ಸರಾಸರಿ ಶೇ 5ರಂತೆ ಬೆಳೆದಿದೆ ಎಂದುಕೊಂಡರೆ ಆತನ ಪಿಂಚಣಿ 1,24,700 ಆಗಿರುತ್ತಿತ್ತು. ಆದರೆ ಸರ್ಕಾರಿ ನಿಯಮದಲ್ಲಿ ಪಿಂಚಣಿ ಕೊನೆಯ ಮೂಲವೇತನದ ಶೇ 50, ಕುಟುಂಬ ಪಿಂಚಣಿ ಶೇ 30. ಹಾಗಾಗಿ ಆಕೆಯ ಕೈಗೆ ಬರುವುದು ಗಂಡನ ಪಿಂಚಣಿಯ ಶೇ 60 ಮಾತ್ರ, ಹೆಚ್ಚು ಕಡಿಮೆ 74,800. ಬಂದದ್ದೆಲ್ಲ ಬಿಲ್ಲಿಗೇ ಸರಿಹೋಯಿತು. ಒಂದು ಮಾತ್ರೆ ಕೊಳ್ಳಲೂ ಉಳಿಯಲಿಲ್ಲ.

ಇದು ಆರೋಗ್ಯವಾಗಿದ್ದರೆ. ಮಂಡಿ ಸೋತು, ಅಥವಾ ಮರೆವು ಹತ್ತಿ, ಹಗಲಿಗೊಬ್ಬ ಆಯಾ ಬೇಕಾದರೆ? ಇಂದಿನ ಲೆಕ್ಕದಲ್ಲಿ ತಿಂಗಳಿಗೆ 25,000 ಎಂದಿಟ್ಟುಕೊಂಡರೆ ಆಗ 69,000. ಬಿಲ್ಲು ಬಹುತೇಕ ದುಪ್ಪಟ್ಟು. ಈ ಅಂತರವನ್ನು ತುಂಬಬೇಕಾಗಿದ್ದ ಹಣ ಎಲ್ಲಿದೆ? ಮನೆಯ ಗೋಡೆಯಲ್ಲಿದೆ.

ಗಮನಿಸಿ, ನಾನು ಆರಿಸಿಕೊಂಡದ್ದು ಪಿಂಚಣಿದಾರರಲ್ಲೇ ಅದೃಷ್ಟವಂತರನ್ನು. ಬ್ಯಾಂಕಿನಿಂದ ನಿವೃತ್ತರಾದವರ ಮೂಲ ಪಿಂಚಣಿ ನಿವೃತ್ತಿಯ ದಿನ ಎಲ್ಲಿ ನಿಂತಿತೋ ಅಲ್ಲೇ ನಿಂತಿರುತ್ತದೆ, ತುಟ್ಟಿಭತ್ಯೆ ಮಾತ್ರ ಏರುತ್ತದೆ. ಬ್ಯಾಂಕುಗಳಲ್ಲಿ ಕುಟುಂಬ ಪಿಂಚಣಿ ಶೇ 30ಕ್ಕೆ ಏರಲು 2021 ಬರಬೇಕಾಯಿತು. ಖಾಸಗಿ ಕಾರ್ಖಾನೆಗಳಲ್ಲಿ ದುಡಿದು ಭವಿಷ್ಯನಿಧಿ ಸಂಸ್ಥೆಯ ನೌಕರರ ಪಿಂಚಣಿ ಯೋಜನೆ ಇಪಿಎಸ್‌–95 ಒಂದನ್ನೇ ನಂಬಿದವರ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ರಾಜ್ಯದ ಸಂಧ್ಯಾ ಸುರಕ್ಷಾ 1,200. ಇವರ ಪಾಲಿಗೆ ಈ ಸಮುಚ್ಚಯಗಳು ಭಾನುವಾರದ ಪುರವಣಿಯ ಜಾಹೀರಾತು ಮಾತ್ರ.

ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆಯಲ್ಲ ಎನ್ನುತ್ತಾರೆ. ಇದೆ, ಒಳ್ಳೆಯ ಯೋಜನೆಯೇ. 2023ರ ಬಜೆಟ್ ಅದರ ಮಿತಿಯನ್ನು 30 ಲಕ್ಷಕ್ಕೆ ಏರಿಸಿತು. ಶೇ 8.2ರ ದರದಲ್ಲಿ ಪೂರ್ತಿ 30 ಲಕ್ಷ ಇಟ್ಟರೆ ತಿಂಗಳ ಲೆಕ್ಕದಲ್ಲಿ 20,500 ರೂಪಾಯಿ. ಆದರೆ ಆ ಬಡ್ಡಿಗೆ ಬೆಳೆಯುವ ಗುಣವಿಲ್ಲ. ದರ ಹಾಗೇ ಇದ್ದರೂ, ಶೇ 7ರಂತೆ ಶುಲ್ಕ ಏರುವ ಜಾಗದಲ್ಲಿ, ಹದಿನೈದು ವರ್ಷದ ನಂತರದ 20,500 ಇವತ್ತಿನ ಏಳೂವರೆ ಸಾವಿರಕ್ಕಿಂತ ಕಡಿಮೆ. ಬಂದ ಬಡ್ಡಿಯನ್ನೆಲ್ಲ ಮೊದಲ ವರ್ಷದಿಂದಲೇ ಖರ್ಚು ಮಾಡಿದವರಿಗೆ ಕೊನೆಯ ವರ್ಷಗಳಲ್ಲಿ ಕೈ ಕಚ್ಚುತ್ತದೆ. ಅರವತ್ತೇಳಕ್ಕೆ ಉಳಿಯುವ ಆ ತಿಂಗಳ ಹದಿಮೂರು ಸಾವಿರವನ್ನು ‘ಮಿಕ್ಕಿದ್ದು’ ಎಂದು ಮೊಮ್ಮಕ್ಕಳಿಗೆ ಉಡುಗೊರೆ ಕೊಳ್ಳದೆ ಆಕೆಯ ಹೆಸರಿನಲ್ಲಿ ಬೇರೆ ಇಟ್ಟರೆ ಲೆಕ್ಕ ಸ್ವಲ್ಪ ಸುಧಾರಿಸುತ್ತದೆ.

ವಿಮೆಯೂ ಇಲ್ಲಿ ಕೈ ಹಿಡಿಯುವುದಿಲ್ಲ. 65 ದಾಟಿದವರಿಗೂ ಆರೋಗ್ಯ ವಿಮೆ ಸಿಗುವಂತೆ 2024ರಲ್ಲಿ ವಯಸ್ಸಿನ ಮಿತಿ ಹೋಯಿತು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಹೋಯಿತು. ಇವು ಒಳ್ಳೆಯ ಬದಲಾವಣೆಗಳು, ಆದರೆ ಎಲ್ಲವೂ ಆಸ್ಪತ್ರೆಗೆ ಸೇರಿದಾಗಿನ ಮಾತು. ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಕೈಹಿಡಿದು ನಡೆಸುವುದು, ಇಂಥ ದಿನನಿತ್ಯದ ಆರೈಕೆಯನ್ನು ವಿಮಾ ನಿಯಂತ್ರಣ ಪ್ರಾಧಿಕಾರದ ಪ್ರಮಾಣಿತ ಹೊರಗಿಡುವಿಕೆಗಳ ಪಟ್ಟಿಯೇ ಹೊರಗಿಟ್ಟಿದೆ. ಮುಪ್ಪಿನಲ್ಲಿ ಹಣ ಹೆಚ್ಚು ಹರಿದುಹೋಗುವುದು ಆ ಕೆಲಸಗಳಿಗೇ.

ಒಪ್ಪಂದದಲ್ಲಿ ಇರುವುದು, ಇಲ್ಲದಿರುವುದು

ಸ್ವತಂತ್ರ ಜೀವನದ ಸಮುಚ್ಚಯವೆಂದರೆ ಅಲ್ಲಿರುವವರು ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲರು ಎಂಬ ನಂಬಿಕೆಯ ಮೇಲೆ ನಿಂತ ವ್ಯವಸ್ಥೆ. ಆ ಶಕ್ತಿ ಹೋದ ದಿನ ಏನು? ಕೆಲವೆಡೆ ಅದೇ ಆವರಣದಲ್ಲಿ ಆರೈಕೆಯ ವಿಭಾಗವಿದ್ದು, ಅಲ್ಲಿಗೆ ಹೋದರೆ ಬೇರೆಯದೇ ದರ. ಕೆಲವೆಡೆ ಸ್ವಂತ ಖರ್ಚಿನಲ್ಲಿ ಆಯಾ ಇಟ್ಟುಕೊಳ್ಳಬೇಕು, ಆಕೆಯ ಊಟಕ್ಕೂ ಶುಲ್ಕ. ಕೆಲವೆಡೆ ಬೇರೆ ಕಡೆಗೆ ಕರೆದುಕೊಂಡು ಹೋಗಿ ಎನ್ನುತ್ತಾರೆ. ಇದನ್ನು ತೀರ್ಮಾನಿಸುವವರು ಯಾರು, ಯಾವ ವೈದ್ಯರ ಮಾತು ಕೊನೆಯದು, ಎಷ್ಟು ದಿನದ ನೋಟಿಸು, ಇವು ಒಪ್ಪಂದದಲ್ಲಿ ಬರಹದಲ್ಲಿರಬೇಕು. ಈಜುಕೊಳದ ಉದ್ದಗಲ ಬರೆದಷ್ಟು ವಿವರವಾಗಿ ಇದನ್ನು ಬರೆದಿರುವ ಕಿರುಹೊತ್ತಗೆ ಅಪರೂಪ.

ಕಾನೂನು ಎಲ್ಲಿದೆ? ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆ ಕಟ್ಟಡ ಮುಗಿಯುವವರೆಗೆ ಕಾವಲು ಕಾಯುತ್ತದೆ, ಮುಗಿದ ಐದು ವರ್ಷದವರೆಗೆ ಗೋಡೆಯ ಬಿರುಕಿಗೂ ಕಟ್ಟಿದವರನ್ನು ಹೊಣೆ ಮಾಡುತ್ತದೆ. ಮುಂದಿನ ಇಪ್ಪತ್ತು ವರ್ಷದ ಊಟ, ನರ್ಸು, ಶುಲ್ಕದ ಏರಿಕೆಯ ಬಗ್ಗೆ ಅದು ಹೆಚ್ಚೇನೂ ಹೇಳುವುದಿಲ್ಲ. ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ನಿವೃತ್ತರ ವಸತಿಗೆಂದೇ ಮಾದರಿ ಮಾರ್ಗಸೂಚಿ ಹೊರಡಿಸಿತು. ಗಾಲಿಕುರ್ಚಿ ಹೋಗುವಷ್ಟು ಅಗಲದ ಬಾಗಿಲು, ಜಾರದ ನೆಲ, ಹಿಡಿಕಂಬಿಗಳ ಜೊತೆಗೆ ಕಟ್ಟಿದವರು, ಸೇವೆ ಕೊಡುವವರು, ಕೊಂಡವರು ಮೂವರೂ ಸೇರಿ ಮಾಡಿಕೊಳ್ಳುವ ಒಪ್ಪಂದದ ಮಾತು ಅದರಲ್ಲಿದೆ. ಮಾದರಿ ಎಂದ ಮೇಲೆ ರಾಜ್ಯಗಳು ಒಪ್ಪಿದರಷ್ಟೇ ಅದಕ್ಕೆ ಬಲ. ಮಹಾರಾಷ್ಟ್ರದ ರೇರಾ ಪ್ರಾಧಿಕಾರ 2024ರಲ್ಲಿ ಕಟ್ಟಡ ವಿನ್ಯಾಸದ ಅಂಶಗಳನ್ನು ತನ್ನಲ್ಲಿ ಕಡ್ಡಾಯ ಮಾಡಿತು. ಅದೇ ವರ್ಷ ನೀತಿ ಆಯೋಗವೂ ಹಿರಿಯರ ಆರೈಕೆಯ ಸುಧಾರಣೆ ಕುರಿತು ಒಂದು ಪ್ರಬಂಧ ಪ್ರಕಟಿಸಿತು. ಬಾಗಿಲು ಅಗಲವಾಯಿತು, ಸಂತೋಷ. ಶುಲ್ಕದ ಸೂತ್ರ ಇನ್ನೂ ಕಟ್ಟಿದವರ ಕೈಯಲ್ಲೇ ಇದೆ. ಪೋಷಕರ ಜೀವನಾಂಶದ 2007ರ ಕಾಯ್ದೆಯಡಿ ನ್ಯಾಯಮಂಡಳಿ ಮಕ್ಕಳಿಂದ ಕೊಡಿಸಬಹುದಾದ ಮೊತ್ತದ ಮಿತಿ ತಿಂಗಳಿಗೆ 10,000 ರೂಪಾಯಿ. ಮೇಲಿನ ಬಿಲ್ಲಿನಲ್ಲಿ ಅದು ಇಬ್ಬರ ಊಟಕ್ಕೂ ಸಾಲದು.

ಶುಲ್ಕ ಏರಲು ಇನ್ನೊಂದು ಕಾರಣವನ್ನು ಹೇಳಿದರೆ ಕೆಲವರಿಗೆ ಬೇಸರವಾದೀತು. ಡಾಲರಿನಲ್ಲಿ ದುಡಿಯುವ ಮಗಳಿಗೆ ತಿಂಗಳಿಗೆ 40,000 ರೂಪಾಯಿ ಎಂದರೆ ಐನೂರು ಡಾಲರಿಗೂ ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ ಮಗುವಿನ ಡೇಕೇರಿಗೆ ಆಕೆ ಕಟ್ಟುವುದು ಇದರ ಎಷ್ಟೋ ಪಟ್ಟು. ಅಪ್ಪ ಅಮ್ಮನಿಗೆ ಫಿಸಿಯೋಥೆರಪಿ ಕೋಣೆ, ಇನ್ನೊಂದು ಆಂಬುಲೆನ್ಸ್ ಬರುವುದಾದರೆ ಶುಲ್ಕ ಏರಲಿ ಎನ್ನುವುದು ಆಕೆಯ ಪ್ರೀತಿ, ತಪ್ಪೇನಿಲ್ಲ. ಪಕ್ಕದ ಮನೆಯಲ್ಲಿ ಕುಟುಂಬ ಪಿಂಚಣಿಯಲ್ಲಿ ಬದುಕುವ ನಿವೃತ್ತ ಶಿಕ್ಷಕರ ಹೆಂಡತಿಗೂ ಅದೇ ಶುಲ್ಕ ಬೀಳುತ್ತದೆ. ವಾರ್ಷಿಕ ಸಭೆಯಲ್ಲಿ ಆಕೆ ಎದ್ದು ನಿಂತು ‘ನನ್ನಿಂದ ಆಗುವುದಿಲ್ಲ’ ಎನ್ನುವುದಿಲ್ಲ. ಮರ್ಯಾದೆಯ ಪ್ರಶ್ನೆ.

ಹಾಗಾದರೆ ಇದ್ದ ಮನೆಯಲ್ಲೇ ಇರುವುದು ಅಗ್ಗವೇ? ಅದನ್ನೂ ಪ್ರಾಮಾಣಿಕವಾಗಿ ಲೆಕ್ಕ ಹಾಕಬೇಕು. ಅಡುಗೆಯವರು, ಮನೆಗೆಲಸದವರು, ಆಸ್ತಿ ತೆರಿಗೆ, ಸೋರುವ ತಾರಸಿ, ಬೇಸಿಗೆಯಲ್ಲಿ ಟ್ಯಾಂಕರ್ ನೀರು, ಆಸ್ಪತ್ರೆಗೆ ಹೋಗಿಬರಲು ಬಾಡಿಗೆ ಕಾರು. ಅಡುಗೆಯವರು ಊರಿಗೆ ಹೋದ ವಾರದ ಪರದಾಟಕ್ಕೆ ಬೆಲೆ ಕಟ್ಟಲಾಗದು. ಇಬ್ಬರೂ ಗಟ್ಟಿಯಾಗಿದ್ದಾಗ ಸ್ವಂತ ಮನೆ ಅಗ್ಗವೆಂದೇ ನನ್ನ ಅಂದಾಜು. ಹಗಲು ರಾತ್ರಿ ಒಬ್ಬರು ಜೊತೆಗಿರಬೇಕಾದ ಸ್ಥಿತಿ ಬಂದಾಗ ಎರಡೂ ಕಡೆ ಖರ್ಚು ಹತ್ತಿರ ಹತ್ತಿರ ಬರುತ್ತದೆ, ಸಮುಚ್ಚಯದಲ್ಲಿ ಆಯಾ ಬಾರದ ದಿನ ಕೂಗಿದರೆ ಕೇಳಲು ಯಾರಾದರೂ ಇರುತ್ತಾರೆ. ಆದರೆ ಅದು ಬೇಕಾಗುವ ಹೊತ್ತಿಗೆ ಅಲ್ಲಿಗೆ ಹೋಗಲು ಕೈಯಲ್ಲಿ ನಗದು ಉಳಿದಿರಬೇಕು.

ಈ ಕಾರಣಕ್ಕೆ, ಸಿಗುವ ಕಡೆಗಳಲ್ಲಿ, ಕೊಳ್ಳುವ ಮೊದಲು ಬಾಡಿಗೆಗೆ ಇರುವುದೇ ಸರಿ ಎನ್ನುವ ಪಕ್ಷ ನನ್ನದು. ಕೆಲವು ತಿಂಗಳು ಇದ್ದು, ಮಳೆಗಾಲವನ್ನೂ ನೋಡಿ, ರಾತ್ರಿ ಎರಡು ಗಂಟೆಗೆ ಬಚ್ಚಲ ದಾರ ಎಳೆದರೆ ಯಾರು ಎಷ್ಟು ಹೊತ್ತಿಗೆ ಬರುತ್ತಾರೆಂದು ತಿಳಿದು, ಆಮೇಲೆ ತೀರ್ಮಾನಿಸಬಹುದು. ಅಲ್ಲಿಯವರೆಗೆ ಹಳೆಯ ಮನೆ ಮಾರುವ ಆತುರ ಬೇಡ. ಹಳೆಯ ನಿವಾಸಿಗಳ ಬಳಿ ಕಳೆದ ಐದು ವರ್ಷದ ಬಿಲ್ಲುಗಳನ್ನು ಕೇಳಿ ನೋಡಿ. ಕಾಫಿ ಕೊಟ್ಟು ಕೂರಿಸಿ, ಮಾರಾಟ ಕಚೇರಿಯಲ್ಲಿ ಸಿಗದ ವಿವರಗಳನ್ನೆಲ್ಲ ಹೇಳುತ್ತಾರೆ. ಶುಲ್ಕದ ಏರಿಕೆಗೆ ಲಿಖಿತ ಸೂತ್ರವಿದೆಯೇ, ಸೇವೆ ಕೊಡುವ ಸಂಸ್ಥೆಯನ್ನು ಬದಲಿಸುವ ಅಧಿಕಾರ ನಿವಾಸಿಗಳ ಸಂಘಕ್ಕಿದೆಯೇ, ಮೂಲನಿಧಿ ಯಾರ ಹೆಸರಿನ ಖಾತೆಯಲ್ಲಿದೆ, ಒಬ್ಬರೇ ಉಳಿದಾಗ ಚಿಕ್ಕ ಮನೆಗೆ ಬದಲಾಯಿಸಿಕೊಳ್ಳಲು ಅವಕಾಶವಿದೆಯೇ ಎಂಬುದನ್ನು ಆಗಲೇ ಕೇಳಿ. ಕೊನೆಯ ಪ್ರಶ್ನೆಗೆ ಹೌದು ಎನ್ನುವ ಸಮುಚ್ಚಯ ಸಿಕ್ಕರೆ ಚದರ ಅಡಿಗೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಇನ್ನು ಉಳಿಯುವುದು ವಾರಸುದಾರರ ವಿಷಯ. ಇಂಥ ಮನೆಗಳಲ್ಲಿ ವಾಸಕ್ಕೆ 55 ಅಥವಾ 60 ದಾಟಿರಬೇಕೆಂಬ ನಿಯಮ ಸಾಮಾನ್ಯ. ಮಗನಿಗೆ 48 ಆಗಿದ್ದರೆ ಮನೆ ಅವನ ಹೆಸರಿಗೆ ಬಂದರೂ ಅಲ್ಲಿ ವಾಸಿಸುವಂತಿಲ್ಲ, ಕಂಡಕಂಡವರಿಗೆ ಬಾಡಿಗೆಗೆ ಕೊಡುವಂತಿಲ್ಲ, ಮಾರಬೇಕೆಂದರೆ ಕೊಳ್ಳುವವರೂ ಅದೇ ವಯಸ್ಸಿನವರಾಗಿರಬೇಕು. ಗಿರಾಕಿಗಳ ಬಳಗ ಕಿರಿದಾದಷ್ಟೂ ಬೆಲೆ ಜಗ್ಗುತ್ತದೆ, ಮಾರಾಟ ತಡವಾಗುತ್ತದೆ. ಮಾರಾಟವಾಗುವವರೆಗೆ ಖಾಲಿ ಮನೆಗೂ ಸೇವಾ ಶುಲ್ಕ ಕಟ್ಟುತ್ತಲೇ ಇರಬೇಕು, ಮಾರಿದಾಗ ಸಂಸ್ಥೆಗೆ ವರ್ಗಾವಣೆ ಶುಲ್ಕವೂ ಸಲ್ಲಬೇಕಾಗಬಹುದು. ಇದರ ದರ ಎಷ್ಟು, ಖಾಲಿ ಮನೆಗೆ ರಿಯಾಯಿತಿ ಇದೆಯೇ ಎಂಬುದು ಸಾಮಾನ್ಯವಾಗಿ ಒಪ್ಪಂದದ ಕೊನೆಯ ಅನುಬಂಧದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಮುಂಗಡ ಕೊಡುವ ಮೊದಲೇ ಆ ಅನುಬಂಧದ ಪ್ರತಿಯನ್ನು ಕೇಳಿ ಪಡೆಯಬೇಕು, ಮನೆಗೆ ತಂದು ಮಕ್ಕಳ ಜೊತೆ ಕೂತು ಓದಬೇಕು.